ಎರಡು ಅಪ್‌ಸ್ಟ್ರೀಮ್, ಫುಲ್ ಟೇಬಲ್: 6 ಲಕ್ಷದೊಳಗೆ ಯಾವ ರೂಟರ್?

ಶಿರಸಿಫೈಬರ್
ಎಲ್ಲರಿಗೂ ನಮಸ್ಕಾರ. ಶಿರಸಿ–ಸಿದ್ದಾಪುರ ಕಡೆ ನಮ್ಮದೊಂದು ಸಣ್ಣ ಐಎಸ್‌ಪಿ. ಅಪ್ಪ ಕೇಬಲ್ ಟಿವಿ ನಡೆಸುತ್ತಿದ್ದರು. ಅದೇ ಗಿರಾಕಿಗಳಿಗೆ ಈಗ ಇಂಟರ್‌ನೆಟ್ ಕೊಡುತ್ತಿದ್ದೇವೆ. ಸುಮಾರು 3,200 ಸಂಪರ್ಕ ಇವೆ. ರಾತ್ರಿ ಒಂಬತ್ತರ ಮೇಲೆ 7 ಜಿಬಿಪಿಎಸ್ ಮುಟ್ಟುತ್ತದೆ, ಐಪಿಎಲ್ ಇದ್ದ ದಿನ 8 ದಾಟಿದ್ದೂ ಇದೆ.

ಇಷ್ಟು ದಿನ ಹುಬ್ಬಳ್ಳಿ ಕಡೆಯಿಂದ ಬರುವ ಒಂದೇ ಅಪ್‌ಸ್ಟ್ರೀಮ್ (ನಮಗೆ ಇಂಟರ್‌ನೆಟ್ ಕೊಡುವ ದೊಡ್ಡ ಕಂಪನಿ), ಒಂದೇ ಡೀಫಾಲ್ಟ್ ರೂಟ್ (ಎಲ್ಲಾ ಪ್ಯಾಕೆಟ್‌ಗೂ ಅದೇ ದಾರಿ). ಹೋದ ಮಳೆಗಾಲದಲ್ಲಿ ಫೈಬರ್ ಕಡಿದು ಒಂದೂವರೆ ದಿನ ಊರೆಲ್ಲ ಕತ್ತಲು. ಆಮೇಲೆ ಹಟ ಮಾಡಿ ಸ್ವಂತ ಎಎಸ್ ನಂಬರ್ (ಇಂಟರ್‌ನೆಟ್‌ನಲ್ಲಿ ನಮ್ಮ ನೆಟ್‌ವರ್ಕ್‌ನ ಗುರುತು ಸಂಖ್ಯೆ) ಮತ್ತು ಒಂದು /23 (ಐಪಿ ವಿಳಾಸಗಳ ಒಂದು ಗುಂಪು) ತೆಗೆದುಕೊಂಡೆ. ಕುಮಟಾ ಕಡೆಯಿಂದ ದೇವಿಮನೆ ಘಟ್ಟದ ಮೇಲೆ ಎರಡನೇ 10 ಜಿ ಲಿಂಕ್ ಕೂಡ ಬಂದಿದೆ. ಈಗಿರುವುದು ಮೈಕ್ರೋಟಿಕ್ ಸಿಸಿಆರ್1036. ಪಿಪಿಪಿಓಇ (ಗಿರಾಕಿಗಳ ಲಾಗಿನ್), ನ್ಯಾಟ್ (ಒಂದು ಐಪಿಯನ್ನು ಹಲವರಿಗೆ ಹಂಚುವುದು), ಕ್ಯೂ (ವೇಗದ ಮಿತಿ) ಎಲ್ಲಾ ಅದರ ತಲೆ ಮೇಲೇ.

ಒಂದು ವಾರ ಪ್ರಯೋಗಕ್ಕೆ ಎರಡೂ ಕಡೆ ಬಿಜಿಪಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಪದ್ಧತಿ) ಎಬ್ಬಿಸಿ /23 ಘೋಷಿಸಿದೆ. ಮೊದಲನೇ ಲಿಂಕ್‌ನಲ್ಲಿ ಆರೂವರೆ ಜಿ, ಎರಡನೆಯದರಲ್ಲಿ 300 ಎಂಬಿ! ದುಡ್ಡು ಎರಡಕ್ಕೂ ಸಮ. ‘ಫುಲ್ ಟೇಬಲ್ (ಇಡೀ ಇಂಟರ್‌ನೆಟ್‌ನ ದಾರಿಗಳ ಪಟ್ಟಿ) ತಗೊಂಡರೆ ತಾನೇ ಸರಿಹೋಗುತ್ತದೆ, ಅದಕ್ಕೆ ದೊಡ್ಡ ರೂಟರ್ ಬೇಕು’ ಎಂದು ಸೇಲ್ಸ್‌ನವರು 22 ಲಕ್ಷದ ಕೊಟೇಶನ್ ಕಳಿಸಿದ್ದಾರೆ. ನನ್ನ ಕೈಯಲ್ಲಿರುವುದು 6 ಲಕ್ಷ. ಫುಲ್ ಟೇಬಲ್ ಹಿಡಿಯುವ ಯಾವ ರೂಟರ್ ತೆಗೆದುಕೊಳ್ಳಲಿ?

ಹುಬ್ಬಳ್ಳಿನೆಟ್
ಅಷ್ಟ್ಯಾಕ ವಿಚಾರ ಮಾಡ್ತೀರ್ರೀ? ಸಿಸಿಆರ್2116 ಒಂದು ತೊಗೊಂಡು ಕುಂದ್ರಿಸ್ರಿ. ನಮ್ಮ ಕಡೆ ಎರಡೂ ಅಪ್‌ಸ್ಟ್ರೀಮಿಂದ ಫುಲ್ ಟೇಬಲ್ ತೊಗೊಂಡೀವಿ. 16 ಜಿಬಿ ರ‍್ಯಾಮ್ ಐತಿ, ಅರ್ಧಾನೂ ತುಂಬಿಲ್ಲ. ರೂಟರ್‌ಓಎಸ್ 6ರಾಗ ಬಿಜಿಪಿ ಒಂದ ಕೋರ್ ಮ್ಯಾಲೆ ಓಡ್ತಿತ್ತು. ಅದಕ್ಕ ನಿಮ್ಮ ಪೆಟಿಗ್ಯಾಗ 36 ಕೋರ್ ಇದ್ರೂ ಟೇಬಲ್ ತುಂಬೂದ್ರಾಗ ಹೊತ್ತು ಮುಳಗತಿತ್ತು. 7ರಾಗ ಆ ಭಾಗ ಪೂರ್ತಿ ಹೊಸದಾಗಿ ಬರದಾರ. 22 ಲಕ್ಷ ಕೊಟ್ಟು ಗುಬ್ಬಿ ಮ್ಯಾಲೆ ಬ್ರಹ್ಮಾಸ್ತ್ರ ಬಿಡಬ್ಯಾಡ್ರಿ.

ಹಳೇರೂಟರ್
ಹುಬ್ಬಳ್ಳಿಯವರು ಹೇಳಿದ್ದು ಸರಿ, ಆದರೆ ‘ಹಿಡಿಯುತ್ತದೆ’ ಎಂಬ ಮಾತಿಗೆ ಎರಡು ಅರ್ಥ ಇವೆ. ರೂಟರ್ ಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ.

ಶಿರಸಿಯವರಿಗೆ ಅಡಿಕೆ ಟೆಂಡರ್ ಲೆಕ್ಕದಲ್ಲಿ ಹೇಳಿದರೆ ಬೇಗ ಹತ್ತೀತು. ಒಂದು ರಾಶಿಗೆ ನಾಲ್ಕು ವ್ಯಾಪಾರಿಗಳು ದರ ಬರೆಯುತ್ತಾರೆ, ನಾಲ್ಕೂ ದರ ಪುಸ್ತಕದಲ್ಲಿ ಇರುತ್ತವೆ. ಆ ಪುಸ್ತಕ ರಿಬ್. ಕೊನೆಗೆ ರಾಶಿಯ ಮೇಲೆ ಗೆದ್ದವರ ಹೆಸರಿನ ಒಂದೇ ಚೀಟಿ ಇಡುತ್ತಾರಲ್ಲ, ಅದು ಫಿಬ್. ಹಮಾಲರು ಪುಸ್ತಕ ತೆಗೆದು ನೋಡುವುದಿಲ್ಲ, ಚೀಟಿ ನೋಡಿ ಮೂಟೆ ಎತ್ತುತ್ತಾರೆ. ಪ್ಯಾಕೆಟ್ ಕೂಡ ಹಾಗೇ.

ಪುಸ್ತಕ ಸಾಮಾನ್ಯ ರ‍್ಯಾಮ್‌ನಲ್ಲಿ ಇರುತ್ತದೆ, ಅದು ಅಗ್ಗ. ಐಪಿವಿ4 ಟೇಬಲ್ ಈಗ 10 ಲಕ್ಷದ ಆಸುಪಾಸು, ಐಪಿವಿ6 2 ಲಕ್ಷ ದಾಟಿದೆ. ಎರಡು ಅಪ್‌ಸ್ಟ್ರೀಮ್ ಎಂದರೆ ಪುಸ್ತಕದಲ್ಲಿ ಅದರ ಎರಡರಷ್ಟು ನಮೂದು. ಕೆಲವು ಜಿಬಿಯಲ್ಲಿ ಮುಗಿಯಿತು. ಚೀಟಿಯ ಜಾಗದ ಕಥೆ ಬೇರೆ. ಹಾರ್ಡ್‌ವೇರ್ ರೂಟರ್‌ಗಳಲ್ಲಿ ಅದು ಚಿಪ್ ಒಳಗಿನ ಟಿಕ್ಯಾಮ್ ಅಥವಾ ಅಂಥದೇ ವಿಶೇಷ ಮೆಮೊರಿ. ಅಂಗಡಿಗೆ ಹೋಗಿ ಹೆಚ್ಚು ಹಾಕಿಸಿಕೊಂಡು ಬರುವಂಥದ್ದಲ್ಲ.

2014ರ ಆಗಸ್ಟ್ 12 ನೆನಪಿದೆಯೇ? ಅಮೆರಿಕದ ವೆರಿಝಾನ್ ಕಡೆಯಿಂದ ಸುಮಾರು 15,000 ಹೆಚ್ಚುವರಿ ರೂಟ್ ತಪ್ಪಿ ಹೊರಬಿದ್ದು, ಜಗತ್ತಿನ ಟೇಬಲ್ ಸ್ವಲ್ಪ ಹೊತ್ತು 512ಕೆ ಗೆರೆ ದಾಟಿತು. ಆಗ ಎಲ್ಲೆಡೆ ಇದ್ದದ್ದು ಸಿಸ್ಕೋ 6500 ಮತ್ತು 7600. ಅದರ ಎಕ್ಸ್‌ಎಲ್ ಕಾರ್ಡಿನ ಟಿಕ್ಯಾಮ್‌ನಲ್ಲಿ 10 ಲಕ್ಷ ನಮೂದಿಗೆ ಜಾಗ ಇದ್ದರೂ, ಐಪಿವಿ4ಗೆ 512ಕೆ, ಉಳಿದದ್ದು ಐಪಿವಿ6ಗೆ ಎಂದು ಮೊದಲೇ ಪಾಲು ಮಾಡಿಟ್ಟಿದ್ದರು. ಒಂದು ಐಪಿವಿ6 ರೂಟ್‌ಗೆ ಎರಡು ಖಾನೆ ಬೇಕು. ಪಾಲು ಬದಲಿಸಲು ಒಂದು ಸಾಲಿನ ಕಮ್ಯಾಂಡ್ ಸಾಕಿತ್ತು, ಆದರೆ ಅದು ಜಾರಿಗೆ ಬರಲು ರೂಟರ್ ರೀಬೂಟ್ ಆಗಬೇಕು. ಕಂಪನಿ ಮೇ ತಿಂಗಳಲ್ಲೇ ಎಚ್ಚರಿಸಿತ್ತು. ರೀಬೂಟ್‌ಗೆ ಮುಹೂರ್ತ ಸಿಗದವರ ಪೆಟ್ಟಿಗೆಗಳಲ್ಲಿ ಜಾಗ ಸಾಲದೆ ಪ್ಯಾಕೆಟ್‌ಗಳು ಸಿಪಿಯುಗೆ ಬಿದ್ದವು, ಸಿಪಿಯು ನೂರಕ್ಕೆ ನೂರು.

ಆದ್ದರಿಂದ ಬ್ರೋಷರ್‌ನಲ್ಲಿ ‘ಇಷ್ಟು ಲಕ್ಷ ರೂಟ್’ ಎಂದು ಕಂಡರೆ ಮೂರು ಪ್ರಶ್ನೆ ಕೇಳಿ. ರಿಬ್‌ನಲ್ಲೋ, ಫಿಬ್‌ನಲ್ಲೋ? ವಿ4 ಮತ್ತು ವಿ6 ಒಟ್ಟಿಗೆ ಇದ್ದಾಗ ಎಷ್ಟು? ಯುಆರ್‌ಪಿಎಫ್ (ಸುಳ್ಳು ವಿಳಾಸದಿಂದ ಬರುವ ಪ್ಯಾಕೆಟ್ ತಡೆಯುವ ತಪಾಸಣೆ) ಹಾಕಿದ ಮೇಲೆ ಎಷ್ಟು ಉಳಿಯುತ್ತದೆ? ಕೆಲವು ಪೆಟ್ಟಿಗೆಗಳಲ್ಲಿ ಅದನ್ನು ಹಾಕಿದ ಕೂಡಲೇ ಜಾಗ ಅರ್ಧ.

ಹುಬ್ಬಳ್ಳಿನೆಟ್
ಟಿಕ್ಯಾಮ್ ಪುರಾಣ ಖರೆ, ಆದ್ರ 2116ಕ್ಕ ಅದು ಹತ್ತಂಗಿಲ್ಲ. ಅದು ಸಿಪಿಯು ಮ್ಯಾಲೆ ರೂಟ್ ಮಾಡತೈತಿ.

ಹಳೇರೂಟರ್
ಹತ್ತುವುದಿಲ್ಲ, ಹಾರ್ಡ್‌ವೇರ್ ಆಫ್‌ಲೋಡ್ ಹಾಕದಿದ್ದರೆ. ಅದರ ಸ್ವಿಚ್ ಚಿಪ್‌ಗೆ ಫುಲ್ ಟೇಬಲ್ ಹಿಡಿಸುವುದಿಲ್ಲ. ಆಫ್‌ಲೋಡ್ ಹಾಕಿದರೆ ಒಂದಷ್ಟು ರೂಟ್ ಚಿಪ್‌ಗೆ ಹೋಗಿ ಉಳಿದದ್ದು ಸಿಪಿಯುಗೆ ಬರುತ್ತದೆ. 8 ಜಿಗೆ ಆಫ್‌ಲೋಡ್ ಇಲ್ಲದೆಯೂ ನಡೆಯುತ್ತದೆ, ಆದರೆ ಅದೇ ಪೆಟ್ಟಿಗೆಯಲ್ಲಿ ನ್ಯಾಟ್, ಪಿಪಿಪಿಓಇ ಎಲ್ಲಾ ತುರುಕಿದರೆ ನಾನು ಜವಾಬ್ದಾರ ಅಲ್ಲ.

ಎಸ್‌ಪಿರೋಡ್
ಬೆಂಗಳೂರಿಗೆ ಬಂದರೆ ಸಿಸ್ಕೋದ ಹಳೇ ಎಎಸ್‌ಆರ್1001-ಎಕ್ಸ್ ಬೇಕಾದಷ್ಟು ಸಿಗುತ್ತವೆ. ಅಗ್ಗ. ಆದರೆ ನೋಡಿ ತಗೊಳ್ಳಿ. ಅದರ ಬೇಸ್ ವೇಗ 2.5 ಜಿ, ಲೈಸೆನ್ಸ್ ಹಾಕಿದರೆ ಮಾತ್ರ 5, 10, 20. ಮಾರುವವರು ‘20 ಜಿ ರೂಟರ್ ಸರ್’ ಅಂತಾರೆ, ಲೈಸೆನ್ಸ್ ಮಾತೆತ್ತಲ್ಲ. ರ‍್ಯಾಮ್ ಕೂಡ 8 ಜಿಬಿ ಇರೋದು ಈ ಕಾಲದ ಫುಲ್ ಟೇಬಲ್‌ಗೆ ಸಾಲದು, 16 ಇರೋದನ್ನೇ ಕೇಳಿ. ಅಂಗಡಿಯಲ್ಲೇ ಆನ್ ಮಾಡಿಸಿ, ಅರ್ಧ ಗಂಟೆ ಬಿಟ್ಟು, ಫ್ಯಾನ್ ಸದ್ದು ಕೇಳಿ, ಲೈಸೆನ್ಸ್ ಪುಟ ಕಣ್ಣಾರೆ ನೋಡಿ. ಜಿಎಸ್‌ಟಿ ಬಿಲ್ ಇಲ್ಲದೆ ಮುಟ್ಟಬೇಡಿ, ಶೇ. 18 ಇನ್‌ಪುಟ್ ಕ್ರೆಡಿಟ್ ಹೋಗುತ್ತೆ.

ದುಡ್ಡಿದ್ದರೆ ಜುನಿಪರ್ ಎಂಎಕ್ಸ್204. ಒಂದು ಯು (ರ‍್ಯಾಕಿನ ಒಂದು ಖಾನೆ) ಎತ್ತರ, 400 ಜಿ, ಫುಲ್ ಟೇಬಲ್ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಇವರ 6 ಲಕ್ಷಕ್ಕೆ ಅದು ಹಾಸಿಗೆ ಮೀರಿದ ಕಾಲು.

ರೈನ್‌ತೀರ
ನಾನು ಧಾರವಾಡದವನು, ಈಗ ಜರ್ಮನಿಯಲ್ಲಿ ನೆಟ್‌ವರ್ಕ್ ಕೆಲಸ. ಎಲ್ಲರೂ ಪೆಟ್ಟಿಗೆಯ ಹಿಂದೆ ಬಿದ್ದಿದ್ದೀರಿ. ಪ್ರಶ್ನೆಯನ್ನು ಇನ್ನೊಮ್ಮೆ ಓದಿ ನೋಡಿ. ಅವರ ತೊಂದರೆ ಡೌನ್‌ಲೋಡ್ ಒಂದೇ ಲಿಂಕ್‌ನಲ್ಲಿ ಬರುತ್ತಿದೆ ಎಂಬುದು. ಶಿರಸಿಯವರೇ, ನಿಮ್ಮ ಅಪ್‌ಲೋಡ್ ಎಷ್ಟು?

ಶಿರಸಿಫೈಬರ್
ಗ್ರಾಫ್ ನೋಡಿದೆ. 7 ಜಿ ಡೌನ್‌ಲೋಡ್ ಇರುವಾಗ ಅಪ್‌ಲೋಡ್ 600 ಎಂಬಿ ಆಸುಪಾಸು.

ರೈನ್‌ತೀರ
ಅಷ್ಟೇ ವಿಷಯ. ನಿಮ್ಮ ರೂಟರ್‌ನ ಟೇಬಲ್ ಹೇಳುವುದು ನಿಮ್ಮಿಂದ *ಹೊರಡುವ* ಪ್ಯಾಕೆಟ್ ಯಾವ ದಾರಿ ಹಿಡಿಯಬೇಕು ಎಂದು. ನೀವು 10 ಲಕ್ಷ ರೂಟ್ ತಂದು ತುಂಬಿಸಿದರೂ ಆ 600 ಎಂಬಿಯನ್ನು ಮಾತ್ರ ಅಂದವಾಗಿ ಹಂಚಬಹುದು. 7 ಜಿ ಯಾವ ಬಾಗಿಲಿಂದ ಒಳಗೆ ಬರಬೇಕು ಎಂದು ತೀರ್ಮಾನಿಸುವುದು ಗೂಗಲ್, ಮೆಟಾ, ಹಾಟ್‌ಸ್ಟಾರ್ ಸರ್ವರ್ ಇರುವ ಕಡೆಯ ರೂಟರ್‌ಗಳು. ಅವು ನೋಡುವುದು ನೀವು ಏನು ಘೋಷಿಸಿದ್ದೀರಿ ಎಂಬುದನ್ನು. 22 ಲಕ್ಷದ ರೂಟರ್ ತಂದಿದ್ದರೂ ಗ್ರಾಫ್ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ನಿಮ್ಮ ಹತ್ತಿರ /23 ಇದೆ, ಅಂದರೆ ಎರಡು /24. ಎರಡೂ ಕಡೆ /23 ಘೋಷಿಸಿ. ಜೊತೆಗೆ ಮೊದಲ /24 ಅನ್ನು ಹುಬ್ಬಳ್ಳಿ ಲಿಂಕ್‌ನಲ್ಲಿ ಮಾತ್ರ, ಎರಡನೇ /24 ಅನ್ನು ಕುಮಟಾ ಲಿಂಕ್‌ನಲ್ಲಿ ಮಾತ್ರ ಘೋಷಿಸಿ. ಹೆಚ್ಚು ನಿಖರವಾದ ರೂಟ್ ಯಾವಾಗಲೂ ಗೆಲ್ಲುತ್ತದೆ. ಒಂದು ಲಿಂಕ್ ಬಿದ್ದರೆ ಅದರ /24 ಮಾಯವಾಗಿ, ಇನ್ನೊಂದು ಕಡೆಯ /23 ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಈಗ ಮುಖ್ಯ ಮಾತು: ನಿಮ್ಮ ನ್ಯಾಟ್ ಪೂಲ್ (ಗಿರಾಕಿಗಳು ಹೊರಗೆ ಕಾಣುವ ಐಪಿಗಳ ಗುಂಪು) ಎಲ್ಲಿದೆ? ಎಲ್ಲಾ ಗಿರಾಕಿಗಳೂ ಮೊದಲ /24ನ ಹಿಂದೆ ಕೂತಿದ್ದರೆ ಎಷ್ಟು ಘೋಷಿಸಿದರೂ ಅಷ್ಟೇ.

ಶಿರಸಿಫೈಬರ್
ಅಯ್ಯೋ. ಪೂಲ್ ಪೂರ್ತಿ ಮೊದಲ /24ನಲ್ಲೇ ಇದೆ. ಎರಡನೆಯದು ‘ಮುಂದಕ್ಕೆ ಬೇಕಾದೀತು’ ಅಂತ ಮುಟ್ಟಿಲ್ಲ.

ಕಡಲ್‌ಕೇಬಲ್
ತಡೀರಿ ಮಾರಾಯ್ರೆ, /24 ಘೋಷಿಸುವ ಮೊದಲು ರೋವಾ (ಯಾವ ವಿಳಾಸವನ್ನು ಯಾವ ಎಎಸ್ ಘೋಷಿಸಬಹುದು ಎಂಬ ಸಹಿ ಮಾಡಿದ ದಾಖಲೆ) ನೋಡಿ. ನಾವು ಇದರಲ್ಲೇ ಪೆಟ್ಟು ತಿಂದದ್ದು. ರೋವಾವನ್ನು /23ಕ್ಕೆ, ಗರಿಷ್ಠ ಉದ್ದ 23 ಎಂದು ಮಾಡಿಟ್ಟಿದ್ದೆವು. ಒಂದು ರಾತ್ರಿ ಉತ್ಸಾಹದಲ್ಲಿ /24 ಎರಡನ್ನೂ ಬಿಟ್ಟೆವು. ಆರ್‌ಪಿಕೆಐ, ಅಂದರೆ ಈ ರೋವಾಗಳನ್ನು, ಪರಿಶೀಲಿಸುವವರ ಲೆಕ್ಕದಲ್ಲಿ ಅವು ‘ಅಮಾನ್ಯ’, ನೇರ ಕಸದ ಬುಟ್ಟಿಗೆ. /23 ಇದ್ದ ಕಾರಣ ನೆಟ್ ಏನೂ ನಿಲ್ಲಲಿಲ್ಲ, ಅದೇ ಫಜೀತಿ! ಮೂರು ದಿನ ‘/24 ಬಿಟ್ಟರೂ ಟ್ರಾಫಿಕ್ ಯಾಕೆ ಸರಿಯುತ್ತಿಲ್ಲ’ ಎಂದು ರೂಟರ್‌ಗೇ ಬೈಯುತ್ತಿದ್ದೆವು. ಘೋಷಿಸುವ ಪ್ರತಿ ಪ್ರಿಫಿಕ್ಸ್‌ಗೂ (ವಿಳಾಸಗಳ ಗುಂಪು) ಒಂದೊಂದು ರೋವಾ ಬೇರೆಯಾಗಿ ಮಾಡಿ. ರೂಟ್ ಆಬ್ಜೆಕ್ಟ್ (ಸಾರ್ವಜನಿಕ ರೂಟ್ ನೋಂದಣಿಯಲ್ಲಿನ ನಮೂದು) ಕೂಡ. ಎರಡೂ ಅಪ್‌ಸ್ಟ್ರೀಮ್‌ಗಳಿಗೆ ಮೂರೂ ಪ್ರಿಫಿಕ್ಸ್ ಬರೆದು ಮೇಲ್ ಹಾಕಿ, ಅವರ ಫಿಲ್ಟರ್‌ನಲ್ಲಿ ಸೇರಿಸಬೇಕು.

ಪ್ಯಾಕೆಟ್‌ಪುಟ್ಟಣ್ಣ
ಹಾಗಾದರೆ ಫುಲ್ ಟೇಬಲ್ ಬೇಡವೇ ಬೇಡ ಎಂದು ತೀರ್ಪು ಕೊಟ್ಟಂತಾಯಿತಲ್ಲ ರೈನ್‌ತೀರ ಅವರೇ?

ರೈನ್‌ತೀರ
ಇವರಿಗೆ ಇವತ್ತು ಬೇಡ. ಎರಡೂ ಕಡೆಯಿಂದ ‘ಡೀಫಾಲ್ಟ್ ಜೊತೆಗೆ ನಿಮ್ಮ ಗ್ರಾಹಕರ ರೂಟ್‌ಗಳು’ ಎಂದು ಕೇಳಿದರೆ ಕೆಲವು ಸಾವಿರ ರೂಟ್ ಬರಬಹುದು, ಯಾವ ಪೆಟ್ಟಿಗೆಯಾದರೂ ನಿಭಾಯಿಸುತ್ತದೆ. ಸ್ವಂತ ಎಎಸ್ ಇರುವ ಇನ್ನೊಬ್ಬ ಆಪರೇಟರ್‌ಗೆ ಟ್ರಾನ್ಸಿಟ್ (ನಿಮ್ಮ ಮೂಲಕ ಇಂಟರ್‌ನೆಟ್‌ಗೆ ದಾರಿ) ಮಾರುವ ದಿನ ಫುಲ್ ಟೇಬಲ್ ಬೇಕಾಗುತ್ತದೆ.

ಕಡಲ್‌ಕೇಬಲ್
ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಡೀಫಾಲ್ಟ್ ಒಂದನ್ನೇ ನಂಬಿ ನಾವು ಕೆಟ್ಟಿದ್ದೇವೆ. ಹೋದ ವರ್ಷ ನಮ್ಮ ಅಪ್‌ಸ್ಟ್ರೀಮ್‌ನ ಮಂಗಳೂರು ರೂಟರ್ ಚೆನ್ನಾಗಿಯೇ ಇತ್ತು, ಬಿಜಿಪಿ ಸೆಷನ್ ಹಸಿರು. ಆದರೆ ಅಲ್ಲಿಂದ ಮುಂದಿನ ಅವರ ದಾರಿ ಸತ್ತಿತ್ತು. ಅವರ ರೂಟರ್ ಮಾತ್ರ ‘ಡೀಫಾಲ್ಟ್ ನನ್ನ ಹತ್ತಿರ ಇದೆ, ಕಳಿಸಿ ಕಳಿಸಿ’ ಎನ್ನುತ್ತಲೇ ಇತ್ತು. ನಮ್ಮ ಪ್ಯಾಕೆಟ್ ಎಲ್ಲಾ ಬಾವಿಗೆ. ಎರಡನೇ ಲಿಂಕ್ ಪಕ್ಕದಲ್ಲೇ ಖಾಲಿ ಕೂತಿತ್ತು. 40 ನಿಮಿಷ ಫೋನ್ ಮೇಲೆ ಫೋನ್. ಫುಲ್ ಟೇಬಲ್ ಇದ್ದಿದ್ದರೆ ಆ ರೂಟ್‌ಗಳು ತಾವಾಗಿಯೇ ಹಿಂದೆ ಸರಿದು ಟ್ರಾಫಿಕ್ ಆಚೆ ಹೋಗುತ್ತಿತ್ತು.

ರೈನ್‌ತೀರ
ಒಪ್ಪಿದೆ, ಅದು ಫುಲ್ ಟೇಬಲ್‌ನ ನಿಜವಾದ ಉಪಯೋಗ. ಆದರೆ ಅಷ್ಟಕ್ಕೆ 10 ಲಕ್ಷ ರೂಟ್ ಬೇಕಿಲ್ಲ. 8.8.8.0/24, 1.1.1.0/24ರಂಥ ಒಂದೆರಡು ಗಟ್ಟಿ ಪ್ರಿಫಿಕ್ಸ್‌ಗಳನ್ನು ಪ್ರತಿ ಅಪ್‌ಸ್ಟ್ರೀಮ್‌ನಿಂದ ಬಿಜಿಪಿಯಲ್ಲಿ ಕೇಳಿ ಪಡೆಯಿರಿ. ನಿಮ್ಮ ಡೀಫಾಲ್ಟ್ ರೂಟ್‌ನ ಗೇಟ್‌ವೇ ಆ ಪ್ರಿಫಿಕ್ಸ್ ಮೂಲಕವೇ ಸಿಗುವಂತೆ ಕಟ್ಟಿ. ಅವರ ಹಿಂದಿನ ದಾರಿ ಸತ್ತರೆ ಆ ಪ್ರಿಫಿಕ್ಸ್ ಹೋಗುತ್ತದೆ, ಅದರ ಜೊತೆ ಡೀಫಾಲ್ಟ್ ಕೂಡ ಬೀಳುತ್ತದೆ.

ಪ್ಯಾಕೆಟ್‌ಪುಟ್ಟಣ್ಣ
ಇಷ್ಟೆಲ್ಲ ಸರ್ಕಸ್ ಯಾಕೆ? ಒಂದು ಸರ್ವರ್, 32 ಜಿಬಿ ರ‍್ಯಾಮ್, ನಾಲ್ಕು ಪೋರ್ಟಿನ 10 ಜಿ ಕಾರ್ಡ್, ಲಿನಕ್ಸ್ ಮೇಲೆ ಬರ್ಡ್ ಅಥವಾ ಎಫ್‌ಆರ್‌ಆರ್ ಎಂಬ ಬಿಜಿಪಿ ಸಾಫ್ಟ್‌ವೇರ್. ಬರ್ಡ್ ಅನ್ನು ಈಗ ಬೆಳೆಸುತ್ತಿರುವವರು ಚೆಕ್ ದೇಶದ ಸಿಝಡ್.ಎನ್‌ಐಸಿಯವರು. ದೊಡ್ಡ ದೊಡ್ಡ ಇಂಟರ್‌ನೆಟ್ ಎಕ್ಸ್‌ಚೇಂಜ್‌ಗಳ ರೂಟ್ ಸರ್ವರ್‌ಗಳೇ ಅದರ ಮೇಲೆ ಓಡುತ್ತವೆ. ಎರಡು ಫುಲ್ ಟೇಬಲ್ ಅದಕ್ಕೆ ತಿಂಡಿ. ಟೇಬಲ್ 20 ಲಕ್ಷ ಆದರೂ ರ‍್ಯಾಮ್ ಹಾಕಿದರಾಯಿತು, ಟಿಕ್ಯಾಮ್ ತಲೆನೋವಿಲ್ಲ.

ಹಳೇರೂಟರ್
ಟೇಬಲ್ ಹಿಡಿಯುವುದು ಸರಿ ಪುಟ್ಟಣ್ಣ. ಪ್ಯಾಕೆಟ್ ದಾಟಿಸುವುದು? 10 ಜಿ ಪೋರ್ಟ್ ತುಂಬ 64 ಬೈಟ್‌ನ ಸಣ್ಣ ಪ್ಯಾಕೆಟ್ ಬಂದರೆ ಸೆಕೆಂಡಿಗೆ 1.488 ಕೋಟಿ. ದಿನದ ಟ್ರಾಫಿಕ್ ಹಾಗಿರುವುದಿಲ್ಲ, ವಿಡಿಯೋ ಪ್ಯಾಕೆಟ್ ದಪ್ಪ ದಪ್ಪ. ಆದರೆ ಯಾವನೋ ಗೇಮ್ ಆಡುವ ಹುಡುಗನ ಮೇಲೆ ಇನ್ನೊಬ್ಬ ಡಿಡಾಸ್ (ಪ್ಯಾಕೆಟ್ ಸುರಿದು ಲಿಂಕ್ ಕಟ್ಟಿಹಾಕುವ ದಾಳಿ) ಬಿಟ್ಟ ದಿನ ಸಣ್ಣ ಪ್ಯಾಕೆಟ್ಟೇ ಸುರಿಯಬಹುದು. ಸಾಮಾನ್ಯ ಲಿನಕ್ಸ್ ಕರ್ನಲ್ ಅಲ್ಲಿ ಏದುಸಿರು ಬಿಡುತ್ತದೆ. ಕರ್ನಲ್ ಬಿಟ್ಟು ಪ್ಯಾಕೆಟ್ ದಾಟಿಸುವ ಡಿಪಿಡಿಕೆ, ವಿಪಿಪಿ ಎಂದರೆ ಮತ್ತೆ ಅದನ್ನು ಕಲಿತವರು ಬೇಕು.

ಕೊಟೇಶನ್‌ನಲ್ಲಿ ಜಿಬಿಪಿಎಸ್ ಓದುವಾಗಲೂ ಇದೇ ಲೆಕ್ಕ ಇಟ್ಟುಕೊಳ್ಳಿ. ದೊಡ್ಡ ಅಕ್ಷರದಲ್ಲಿ ಬರೆದಿರುವುದು 1518 ಬೈಟ್ ಪ್ಯಾಕೆಟ್‌ನ ವೇಗ.

ಹುಬ್ಬಳ್ಳಿನೆಟ್
ಪುಟ್ಟಣ್ಣಾ, ನೀ ಮಾಡ್ತಿ ಅನ್ನೂದು ನನಗ ಗೊತ್ತೈತಿ. ನೀ ಮದವಿಗೆ ಹ್ವಾದ ದಿನ ರಾತ್ರಿ ಎರಡಕ್ಕ ಕೆಟ್ರ ಯಾರು ನೋಡವ್ರು? ಇವರ ಹುಡುಗರಿಗೆ ಮೈಕ್ರೋಟಿಕ್‌ನ ವಿನ್‌ಬಾಕ್ಸ್ ಗೊತ್ತೈತಿ. ಅದಕ್ಕೂ ಒಂದು ಬೆಲೆ ಐತೆಲ್ಲೋ.

ಪ್ಯಾಕೆಟ್‌ಪುಟ್ಟಣ್ಣ
ಈ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣ.

ಹಳೇರೂಟರ್
ಫುಲ್ ಟೇಬಲ್ ತೆಗೆದುಕೊಂಡೇ ತೀರುವವರಿಗೆ ನನ್ನ ಎರಡು ಗಾಯ ತೋರಿಸುತ್ತೇನೆ.

ಒಂದು, ಟೇಬಲ್ ಹಿಡಿಸಿದರೆ ಸಾಲದು, ಎಷ್ಟು ಹೊತ್ತಿನಲ್ಲಿ ಹಿಡಿಸುತ್ತದೆ ನೋಡಬೇಕು. ನಮ್ಮಲ್ಲಿದ್ದ ಹಳೆಯ ರೂಟರ್‌ಗೆ (ಹೆಸರು ಬೇಡ) ಫಿಬ್‌ನಲ್ಲಿ ಬೇಕಾದಷ್ಟು ಜಾಗ ಇತ್ತು, ಬಿಜಿಪಿ ಓಡಿಸುವ ಸಿಪಿಯು ಮಾತ್ರ ಬಡಪಾಯಿ. ಲಿಂಕ್ ಬಿದ್ದು ಎದ್ದರೆ ಎಲ್ಲಾ ರೂಟ್ ಚಿಪ್‌ಗೆ ಇಳಿಯಲು 11 ನಿಮಿಷ. ಚಹಾ ಕುಡಿದು ಬಂದರೂ ಅರ್ಧ ಇಂಟರ್‌ನೆಟ್ ಇತ್ತು, ಅರ್ಧ ಇರಲಿಲ್ಲ. ಮಳೆಗಾಲದಲ್ಲಿ ಲಿಂಕ್ ಗಂಟೆಗೆ ನಾಲ್ಕು ಸಲ ಬಿದ್ದೆದ್ದರೆ ಆ ಪೆಟ್ಟಿಗೆ ದಿನವಿಡೀ ಬರೆಯುತ್ತಲೇ ಇರುತ್ತಿತ್ತು. ಕೊಳ್ಳುವ ಮೊದಲು ಡೆಮೊ ಕೇಳಿ. ನಿಮ್ಮ ಎದುರಿಗೇ ಫುಲ್ ಫೀಡ್ ಹಾಕಿಸಿ, ಒಂದು ಕೇಬಲ್ ಕಿತ್ತು, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ. ಕೇಬಲ್ ಕೀಳಲು ಬಿಡದ ಸೇಲ್ಸ್‌ನವರ ಪೆಟ್ಟಿಗೆ ತಗೊಳ್ಳಬೇಡಿ. ಲಿಂಕ್ ಸತ್ತದ್ದು ತಿಳಿಯುವುದಕ್ಕೂ ಸಮಯ ಬೇಕು. ಹಲವು ಪೆಟ್ಟಿಗೆಗಳಲ್ಲಿ ಬಿಜಿಪಿ ಹೋಲ್ಡ್ ಟೈಮ್ (ಆಚೆಯಿಂದ ಸದ್ದಿಲ್ಲದಿದ್ದರೂ ಕಾಯುವ ಸಮಯ) 180 ಸೆಕೆಂಡ್ ಎಂದೇ ಇರುತ್ತದೆ. ಅಪ್‌ಸ್ಟ್ರೀಮ್‌ಗೆ ಹೇಳಿ ಬಿಎಫ್‌ಡಿ (ಲಿಂಕ್ ಸತ್ತದ್ದನ್ನು ಕೂಡಲೇ ಪತ್ತೆ ಮಾಡುವ ಪದ್ಧತಿ) ಹಾಕಿಸಿಕೊಳ್ಳಿ.

ಎರಡು, ಮ್ಯಾಕ್ಸಿಮಮ್ ಪ್ರಿಫಿಕ್ಸ್. ಯಾವನಾದರೂ ತಪ್ಪಿ ಲಕ್ಷಗಟ್ಟಲೆ ರೂಟ್ ಸುರಿದರೆ ಸೆಷನ್ ತಾನೇ ಮುಚ್ಚಲಿ ಎಂದು ಮಿತಿ ಹಾಕುತ್ತೇವೆ. ಒಳ್ಳೆಯದೇ. ಎಷ್ಟೋ ವರ್ಷದ ಹಿಂದೆ ನಾನೇ ನನ್ನ ಕೈಯಾರೆ ಅಲ್ಲಿ 10,00,000 ಎಂದು ಬರೆದಿದ್ದೆ. ಆಗ ಟೇಬಲ್ ಏಳು ಲಕ್ಷದ ಕೆಳಗಿತ್ತು, ‘ನನ್ನ ಸರ್ವಿಸ್ ಮುಗಿಯುವವರೆಗೆ ಸಾಕು’ ಅಂದುಕೊಂಡಿದ್ದೆ. ಒಂದು ಬೆಳಗಿನ ಜಾವ ಅಪ್‌ಸ್ಟ್ರೀಮ್ ಕೊಟ್ಟ ರೂಟ್ ಆ ಗೆರೆ ದಾಟಿತು. ಸೆಷನ್ ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ನಾನು ಫೈಬರ್ ಟೀಮ್‌ಗೆ ಫೋನ್ ಮಾಡಿ ಎಬ್ಬಿಸಿದೆ, ಪಾಪ ಅವರು ಓಟಿಡಿಆರ್ (ಫೈಬರ್ ಕಡಿದ ಜಾಗ ಹುಡುಕುವ ಯಂತ್ರ) ಹಿಡಿದು ಹೊರಟೇಬಿಟ್ಟರು. ಎಚ್ಚರಿಕೆ ಲಾಗ್‌ನಲ್ಲಿ ಬಿದ್ದಿತ್ತು, ಓದುವವರು ಇರಲಿಲ್ಲ.

ಶಿರಸಿಫೈಬರ್
ಎಲ್ಲರಿಗೂ ದೊಡ್ಡ ನಮಸ್ಕಾರ. ಇಷ್ಟು ತೀರ್ಮಾನ ಮಾಡಿದ್ದೇನೆ, ತಪ್ಪಿದ್ದರೆ ಬೈಯಿರಿ. ಸಿಸಿಆರ್2116 ಎರಡು. ಒಂದು ಅಂಚಿಗೆ, ಬಿಜಿಪಿ ಬಿಟ್ಟು ಬೇರೇನೂ ಇಲ್ಲ. ಇನ್ನೊಂದರ ಮೇಲೆ ನ್ಯಾಟ್. ಹಳೇ 1036ಕ್ಕೆ ಪಿಪಿಪಿಓಇ ಮಾತ್ರ. ಉಳಿದ ದುಡ್ಡಿನಲ್ಲಿ ಯುಪಿಎಸ್ ಬ್ಯಾಟರಿ ಮತ್ತು ಅರ್ಥಿಂಗ್. ಇಲ್ಲಿ ಸಿಡಿಲಿಗೆ ಹೋದಷ್ಟು ಪೋರ್ಟ್ ಬೇರೆ ಯಾವುದಕ್ಕೂ ಹೋಗಿಲ್ಲ.

ಹಳೇರೂಟರ್
ಬೈಯುವಂಥದ್ದೇನಿಲ್ಲ. ಅಂಚಿನ ಪೆಟ್ಟಿಗೆಯಲ್ಲಿ ಕನೆಕ್ಷನ್ ಟ್ರ್ಯಾಕಿಂಗ್ ಪೂರ್ತಿ ಆಫ್ ಮಾಡಿ. ಹೋಗುವುದು ಒಂದು ಲಿಂಕ್, ಬರುವುದು ಇನ್ನೊಂದು ಎಂದಾಗುತ್ತದೆ, ಅದನ್ನೆಲ್ಲ ನೆನಪಿಟ್ಟುಕೊಂಡು ಕೂರುವುದು ಅದರ ಕೆಲಸವಲ್ಲ. ನ್ಯಾಟ್ ಲಾಗ್ ಬೇರೆ ಸರ್ವರ್‌ಗೆ ಹೋಗಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಲ್ಲೇ ಲಾಗ್ 180 ದಿನ ಇಡಬೇಕು ಎಂದಿದೆ, ನಿಮ್ಮ ಲೈಸೆನ್ಸ್ ಷರತ್ತು ಅದಕ್ಕಿಂತ ಹೆಚ್ಚು ಕೇಳಬಹುದು, ತೆಗೆದು ಓದಿ.

ರೈನ್‌ತೀರ
ಪೂಲ್ ಹಂಚುವಾಗ ಗಿರಾಕಿಗಳನ್ನು ಅರ್ಧರ್ಧ ಎಣಿಸಿ ಹಂಚಬೇಡಿ. ಪೇಟೆಯ ಓಎಲ್‌ಟಿಯ (ಮನೆಗಳಿಗೆ ಫೈಬರ್ ಹಂಚುವ ಪೆಟ್ಟಿಗೆ) 500 ಮನೆ, ಹಳ್ಳಿಯ 1,000 ಮನೆಯಷ್ಟು ಎಳೆಯುತ್ತದೆ. ಗ್ರಾಫ್ ನೋಡಿ ಹಂಚಿ. ಮತ್ತೆ, ಐಪಿವಿ6 ಆನ್ ಮಾಡಿ. ಯೂಟ್ಯೂಬ್, ಇನ್‌ಸ್ಟಾ ಎಲ್ಲ ಅದರ ಮೇಲೆ ಹೋದರೆ ನಿಮ್ಮ ನ್ಯಾಟ್ ಪೆಟ್ಟಿಗೆಗೆ ಅರ್ಧ ಭಾರ ಇಳಿಯುತ್ತದೆ.

*(ಐದು ವಾರದ ನಂತರ)*

ಶಿರಸಿಫೈಬರ್
ವರದಿ ಒಪ್ಪಿಸಬೇಕಲ್ಲ. ರೋವಾ ಮೂರು ಮಾಡಿದೆ. ಒಂದು ಅಪ್‌ಸ್ಟ್ರೀಮ್ ಎರಡೇ ದಿನದಲ್ಲಿ ಫಿಲ್ಟರ್ ತೆರೆಯಿತು. ಇನ್ನೊಬ್ಬರು 12 ದಿನ ಆಟ ಆಡಿಸಿದರು, ಮೂರನೇ ಮೇಲ್‌ಗೆ ಉತ್ತರ ಬಂತು. ಈಗ ರಾತ್ರಿ ಹತ್ತಕ್ಕೆ ಹುಬ್ಬಳ್ಳಿ ಕಡೆ 3.9, ಕುಮಟಾ ಕಡೆ 3.3. ಮೊದಲ ಸಲ ಅರ್ಧರ್ಧ ಎಣಿಸಿಯೇ ಹಂಚಿದ್ದೆ, 5 ಮತ್ತು 2 ಬಂತು. ರೈನ್‌ತೀರ ಅವರು ಹೇಳಿದ್ದು ಆಮೇಲೆ ನೆನಪಾಯಿತು.

ಮೊನ್ನೆ ಗುರುವಾರ ದೇವಿಮನೆ ಘಟ್ಟದಲ್ಲಿ ಮರ ಬಿತ್ತು. ನಾನು ಊಟಕ್ಕೆ ಕೂತಿದ್ದೆ. ಬಿಎಫ್‌ಡಿಯ ಮೆಸೇಜ್ ಮೊಬೈಲ್‌ಗೆ ಬಂದಾಗ ಅನ್ನ-ಸಾರು ಕಲಸುತ್ತಿದ್ದೆ. ಎದ್ದು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಎಲ್ಲ ಟ್ರಾಫಿಕ್ ಹುಬ್ಬಳ್ಳಿ ಕಡೆ ಸರಿದಿತ್ತು. ಆಫೀಸ್‌ಗೆ ಬಂದ ಫೋನ್ ಎರಡು, ಅದರಲ್ಲಿ ಒಂದು ರೀಚಾರ್ಜ್ ಕೇಳಿದ್ದು.

ಎರಡೂ ಕಡೆಯಿಂದ ಡೀಫಾಲ್ಟ್, ಗ್ರಾಹಕರ ರೂಟ್, ಮತ್ತೆ ಆ ಒಂದೆರಡು ಗಟ್ಟಿ ಪ್ರಿಫಿಕ್ಸ್ ಅಷ್ಟೇ ಇದೆ. ಫುಲ್ ಟೇಬಲ್ ಒಂದು ರಾತ್ರಿ ಕುತೂಹಲಕ್ಕೆ ತೆಗೆದುಕೊಂಡು ನೋಡಿದೆ, ಹಿಡಿಸಿತು. ಬೆಳಗ್ಗೆ ತೆಗೆದುಹಾಕಿದೆ.

ಹುಬ್ಬಳ್ಳಿನೆಟ್
ಭಾರೀ ಆತು ನೋಡ್ರಿ. ಆ 22 ಲಕ್ಷದವ ಏನಂದ?

ಶಿರಸಿಫೈಬರ್
ನಿನ್ನೆ 19 ಲಕ್ಷಕ್ಕೆ ಇಳಿದಿದ್ದಾನೆ.